ಮಣ್ಣಿನ ಕಂಪು : ಅದರ ಮೂಲ ಮತ್ತು ಪ್ರಯೋಜನ

ಗಂಧವು ಪೃಥಿವಿಯ ವಿಶೇಷ ಗುಣವೆಂಬುದು ನ್ಯಾಯ-ವೈಶೇಷಿಕ ದರ್ಶನಗಳ ಸಿದ್ಧಾಂತ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಯು ದ್ರವ್ಯಲಕ್ಷಣಗಳಲ್ಲಿ ಮೊಟ್ಟಮೊದಲು ಕಲಿಯುವುದು ಇದನ್ನೇ. ನೀರಿನಲ್ಲಿ ವಾಸನೆ ತೋರಿದರೆ ಅದು ನೀರಿನದಲ್ಲ, ನೀರಿನಲ್ಲಿ ಬೆರೆತ ಪಾರ್ಥಿವಾಂಶದ್ದು ಎಂದು ತಾರ್ಕಿಕರು ಸಮಾಧಾನ ಹೇಳುತ್ತಾರೆ. ಕವಿಗಳಿಗೆ ಈ ವಾದವಿವಾದಗಳು ಬೇಕಾಗಿರಲಿಲ್ಲ. ಗರ್ಭಿಣಿಯಾದ ಸುದಕ್ಷಿಣೆಯು ಮಣ್ಣನ್ನು ಸವಿದುದರಿಂದ ಅವಳ ಮುಖಕ್ಕೆ ಬಂದ ಕಂಪನ್ನು ದಿಲೀಪನು ಆಘ್ರಾಣಿಸಿ ತಣಿಯದಾದುದನ್ನು ಕಾಳಿದಾಸನು ರಘುವಂಶದ ಮೂರನೆಯ ಸರ್ಗದಲ್ಲಿ ವರ್ಣಿಸಿ, ಬೇಸಗೆಯ ಕೊನೆಯಲ್ಲಿ ಮಳೆಹನಿ ಬಿದ್ದ ಕೊಳವನ್ನು ಮೂಸುವ ಆನೆಗೆ ಅವನನ್ನು ಹೋಲಿಸಿದ್ದಾನೆ. ಮುಂಗಾರಿನ ಮೊದಲ ಹನಿಗೆ ಏಳುವ ನೆಲದ ಕಂಪನ್ನು ಬಲ್ಲವರಿಗೆ ಈ ಉಪಮೆಗೆ ವ್ಯಾಖ್ಯಾನ ಬೇಡ.

ಆದರೆ ಈ ಕಂಪು ನಿಜವಾಗಿ ಮಣ್ಣಿನದೇ? ಈ ಪ್ರಶ್ನೆಯನ್ನು ರಸಾಯನಶಾಸ್ತ್ರದ ಕಣ್ಣಿನಿಂದ ನೋಡಿದವರಲ್ಲಿ ಮೊದಲಿಗರು ಫ್ರಾನ್ಸಿನ ಬರ್ತೆಲೊ ಮತ್ತು ಆಂದ್ರೆ ಎಂಬ ವಿದ್ವಾಂಸರು. ಮಣ್ಣಿನ ವಾಸನೆಗೆ ಕಾರಣವಾದ ವಸ್ತು ಆವಿಯೊಡನೆ ಮೇಲೇಳುವಂಥದು, ಅದರ ಗಂಧವು ಕರ್ಪೂರಜಾತಿಯ ವಸ್ತುಗಳನ್ನು ಹೋಲುವಂಥದು ಎಂದು ಅವರು 1891ರಲ್ಲಿ ತಿಳಿಸಿದರು. ವಸ್ತು ಯಾವುದೆಂದು ಗೊತ್ತಾಗಲು ಮುಕ್ಕಾಲು ಶತಮಾನ ಹಿಡಿಯಿತು. 1965ರಲ್ಲಿ ಅಮೆರಿಕದ ರಟ್‌ಗರ್ಸ್ ವಿಶ್ವವಿದ್ಯಾಲಯದ ನ್ಯಾನ್ಸಿ ಗರ್ಬರ್ ಮತ್ತು ಹ್ಯೂಬರ್ಟ್ ಲೆಷೆವಾಲಿಯೆ ಅದನ್ನು ಬೇರ್ಪಡಿಸಿ 'ಜಿಯೋಸ್ಮಿನ್' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ 'ಗೆ' ಎಂದರೆ ಭೂಮಿ, 'ಓಸ್ಮೆ' ಎಂದರೆ ವಾಸನೆ. 'ಭೂಗಂಧ' ಎಂದು ಕರೆದರೆ ಕನ್ನಡದಲ್ಲಿಯೂ ಅರ್ಥ ಸರಿಹೊಂದುತ್ತದೆ.

ಅವರಿಗೆ ಇದು ದೊರೆತದ್ದು ಮಣ್ಣಿನ ಕಣಗಳಲ್ಲಿ ಅಲ್ಲ, ಮಣ್ಣಿನಲ್ಲಿ ಬಾಳುವ ಆ್ಯಕ್ಟಿನೊಮೈಸೀಟ್ ಎಂಬ ಬ್ಯಾಕ್ಟೀರಿಯಾಗಳಲ್ಲಿ. ಇವುಗಳಲ್ಲಿ ಮುಖ್ಯವಾದ ಕುಲ ಸ್ಟ್ರೆಪ್ಟೊಮೈಸಿಸ್. ಬೂಷ್ಟಿನಂತೆ ಎಳೆಎಳೆಯಾಗಿ ಹಬ್ಬಿ, ಆಹಾರ ಮುಗಿಯುತ್ತ ಬಂದಾಗ ಎಳೆಗಳ ತುದಿಯಲ್ಲಿ ಬೀಜಾಣುಗಳನ್ನು ಕಟ್ಟುವುದು ಇವುಗಳ ಸ್ವಭಾವ. ಕ್ಷಯರೋಗಕ್ಕೆ ಮೊದಲ ಮದ್ದಾಗಿ ಒದಗಿದ ಸ್ಟ್ರೆಪ್ಟೊಮೈಸಿನ್ ಈ ಕುಲದ ಒಂದು ಪ್ರಭೇದದಿಂದಲೇ, ಅದೇ ರಟ್‌ಗರ್ಸಿನಲ್ಲಿ, 1943ರಲ್ಲಿ ದೊರೆಯಿತು. ಕೋಟ್ಯಂತರ ರೋಗಿಗಳ ಪ್ರಾಣ ಉಳಿಸಿದ ಔಷಧಿಗಳೂ ಮಳೆಯ ಕಂಪೂ ಒಂದೇ ಮನೆತನದವೆಂಬುದು ಗಮನಾರ್ಹ.

ಭೂಗಂಧದ ಒಂದು ಅಣುವಿನಲ್ಲಿ ಕಾರ್ಬನ್ನಿನ 12, ಜಲಜನಕದ 22 ಮತ್ತು ಆಮ್ಲಜನಕದ 1 ಪರಮಾಣು ಇವೆ. ಹದಿನೈದು ಕಾರ್ಬನ್ ಪರಮಾಣುಗಳ ಒಂದು ಸರಪಣಿಯನ್ನು ಬ್ಯಾಕ್ಟೀರಿಯಾದ ಒಂದೇ ಕಿಣ್ವವು ಬಳಸಿ ಸುತ್ತಿ, ಮೂರನ್ನು ಕಳಚಿ ಇದನ್ನು ಮಾಡುತ್ತದೆ ಎಂಬುದು 2007ರಲ್ಲಿ ಸ್ಪಷ್ಟವಾಯಿತು. ಇದರ ಜತೆಗೆ ಇದೇ ಜೀವಿಗಳು ತಯಾರಿಸುವ ಮೀಥೈಲ್ ಐಸೊಬೋರ್ನಿಯಾಲ್ ಎಂಬ ಇನ್ನೊಂದು ವಸ್ತುವು ಕರ್ಪೂರದ ಹತ್ತಿರದ ನಂಟ. ಬರ್ತೆಲೊನ ಮೂಗು ತಪ್ಪಿರಲಿಲ್ಲ.

ಮಾನವನ ಮೂಗು ಈ ಗಂಧಕ್ಕೆ ತೋರುವ ಸೂಕ್ಷ್ಮತೆ ಆಶ್ಚರ್ಯಕರವಾದುದು. ಒಂದು ಗ್ರಾಮನ್ನು ಹತ್ತು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಒಂದು ಲೀಟರು ನೀರಿಗೆ ಬೆರೆಸಿದರೂ ಅನೇಕರು ಅದನ್ನು ಗುರುತಿಸಬಲ್ಲರು.

ಒಣಗಿದ ನೆಲದಿಂದ ಈ ಗಂಧವು ಮೂಗಿನವರೆಗೆ ಏರುವ ಬಗೆಯನ್ನು 2015ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯವರು ವೇಗದ ಕ್ಯಾಮರಾದಿಂದ ಸೆರೆಹಿಡಿದರು. ಹನಿಯು ರಂಧ್ರಮಯವಾದ ನೆಲದ ಮೇಲೆ ಬಿದ್ದಾಗ ಗಾಳಿಯ ಚಿಕ್ಕ ಗುಳ್ಳೆಗಳು ಅದರೊಳಗೆ ಸಿಕ್ಕಿ, ಸೋಡಾ ನೀರಿನ ಗುಳ್ಳೆಗಳಂತೆ ಮೇಲೇರಿ ಒಡೆದು, ಕಣ್ಣಿಗೆ ಕಾಣದ ತುಂತುರನ್ನು ಚಿಮ್ಮಿಸುತ್ತವೆ. ನೆಲದ ಗಂಧವು ಈ ತುಂತುರನ್ನೇರಿ ಗಾಳಿಗೆ ಸೇರುತ್ತದೆ. ಜಡಿಮಳೆಗಿಂತ ಹಗುರವಾದ ಮಳೆಯಲ್ಲಿಯೇ ಇದು ಹೆಚ್ಚು. ಮೊದಲ ತುಂತುರಿಗೆ ಕಂಪು ಹೆಚ್ಚೆಂಬ ರೈತರ ಅನುಭವಕ್ಕೆ ಇದು ಪೋಷಕವಾಗಿದೆ.

ಮಳೆಯ ಕಂಪೆಲ್ಲವೂ ಬ್ಯಾಕ್ಟೀರಿಯಾದ್ದಲ್ಲ ಎಂಬುದನ್ನೂ ಹೇಳಬೇಕು. ಬೇಸಗೆಯಲ್ಲಿ ಸಸ್ಯಗಳಿಂದ ಹೊರಟ ತೈಲಾಂಶಗಳನ್ನು ಜೇಡಿಮಣ್ಣೂ ಕಲ್ಲೂ ಹೀರಿಕೊಂಡಿರುತ್ತವೆ. 1964ರಲ್ಲಿ ಆಸ್ಟ್ರೇಲಿಯದ ಬೇರ್ ಮತ್ತು ಥಾಮಸ್ ಇದಕ್ಕೆ 'ಪೆಟ್ರಿಕೋರ್' ಎಂದು ಹೆಸರಿಟ್ಟರು. ಉತ್ತರಪ್ರದೇಶದ ಅತ್ತರಿನವರು ಈ ಕಂಪನ್ನು ಬಹಳ ಹಿಂದೆಯೇ ಶ್ರೀಗಂಧದ ಎಣ್ಣೆಯಲ್ಲಿ ಹಿಡಿದಿಟ್ಟಿದ್ದಾರೆಂದು ಅವರು ತಮ್ಮ ಲೇಖನದಲ್ಲಿಯೇ ಒಪ್ಪಿ ಬರೆದಿರುವರು. ಕನೌಜಿನಲ್ಲಿ ಸುಟ್ಟ ಮಣ್ಣಿನ ಬಿಲ್ಲೆಗಳನ್ನು ತಾಮ್ರದ ಹಂಡೆಯಲ್ಲಿ ನೀರಿನೊಡನೆ ಕಾಯಿಸಿ, ಏಳುವ ಆವಿಯನ್ನು ಶ್ರೀಗಂಧದೆಣ್ಣೆಯ ಪಾತ್ರೆಗೆ ಇಳಿಸಿ 'ಮಿಟ್ಟಿ ಅತ್ತರ್' ಮಾಡುವ ಕಸುಬು ಇಂದಿಗೂ ಇದೆ.

ಇಷ್ಟಾಗಿಯೂ ಒಂದು ಪ್ರಶ್ನೆ ಉಳಿಯುತ್ತದೆ. ಬ್ಯಾಕ್ಟೀರಿಯಾಕ್ಕೆ ಈ ಸುಗಂಧದಿಂದ ಏನು ಲಾಭ? ನಮ್ಮ ಮೂಗನ್ನು ತಣಿಸುವುದಂತೂ ಅದರ ಉದ್ದೇಶವಲ್ಲ. 2020ರಲ್ಲಿ ಸ್ವೀಡನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳು ಇದಕ್ಕೆ ಉತ್ತರವಿತ್ತರು. ಮಣ್ಣಿನಲ್ಲಿ ಸ್ಪ್ರಿಂಗ್‌ಟೇಲ್ ಎಂಬ, ಬಾಲವನ್ನು ಮೀಟಿ ನೆಗೆಯುವ ಅತಿ ಸಣ್ಣ ಜೀವಿಗಳಿವೆ. ಭೂಗಂಧವನ್ನು ಅನುಸರಿಸಿ ಬರುವ ಇವು ಸ್ಟ್ರೆಪ್ಟೊಮೈಸಿಸನ್ನು ತಿನ್ನುತ್ತವೆ. ತಿಂದು ಅದರ ಬೀಜಾಣುಗಳನ್ನು ಮೈಗೆ ಅಂಟಿಸಿಕೊಂಡೂ ಮಲದ ಮೂಲಕವೂ ಬೇರೆಡೆಗೆ ಒಯ್ಯುತ್ತವೆ. ಬೀಜಾಣು ಕಟ್ಟುವ ಹೊತ್ತಿಗೇ ಗಂಧದ ತಯಾರಿಕೆಯೂ ನಡೆಯುವಂತೆ ಏರ್ಪಾಡಾಗಿದೆ. ಹೂವು ದುಂಬಿಯನ್ನು ಕರೆಯುವ ಕ್ರಮವೇ ಇಲ್ಲಿಯೂ ಇದೆ ಎನ್ನಬಹುದು. ಆದರೆ ಎಲ್ಲರಿಗೂ ಇದು ಆಮಂತ್ರಣವಲ್ಲ. ಬ್ಯಾಕ್ಟೀರಿಯಾಗಳನ್ನು ತಿಂದು ಬದುಕುವ ಒಂದು ಬಗೆಯ ದುಂಡುಹುಳುವಿಗೆ ಇದೇ ಗಂಧವು 'ಇಲ್ಲಿ ವಿಷವಿದೆ' ಎಂಬ ಎಚ್ಚರಿಕೆಯಾಗುತ್ತದೆಂದು 2022ರ ಸಂಶೋಧನೆ ತೋರಿಸಿತು. ಹಣ್ಣಿನ ನೊಣವಂತೂ ಈ ಒಂದು ವಾಸನೆಯನ್ನು ಗುರುತಿಸಲೆಂದೇ ಪ್ರತ್ಯೇಕ ಗ್ರಾಹಕವನ್ನು ಪಡೆದಿದ್ದು, ವಾಸನೆ ಬಡಿದೊಡನೆ ತಿನ್ನುವುದನ್ನೂ ಮೊಟ್ಟೆಯಿಡುವುದನ್ನೂ ನಿಲ್ಲಿಸುತ್ತದೆ.

ಹಾಗಾದರೆ ತಾರ್ಕಿಕರ ಲಕ್ಷಣವು ಕೆಟ್ಟಿತೇ? ಗಂಧವು ಮಣ್ಣಿನದಲ್ಲ, ಮಣ್ಣಿನಲ್ಲಿರುವ ಜೀವಿಯದು ಎಂಬ ಪೂರ್ವಪಕ್ಷಕ್ಕೆ, ಆ ಜೀವಿಯ ಶರೀರವೂ ಪಾರ್ಥಿವವೇ ಅಲ್ಲವೇ ಎಂದು ಅವರು ನಗುತ್ತ ಉತ್ತರಿಸಿಯಾರು. ವಾದವು ಚಮತ್ಕಾರವಾಗಿದೆ. ಅಷ್ಟಕ್ಕೇ ನಮ್ಮ ಪೂರ್ವಿಕರಿಗೆ ಅಣುಜೀವಿಗಳೆಲ್ಲ ತಿಳಿದಿದ್ದವೆಂದು ಸಾರುವುದು ಶಾಸ್ತ್ರಕ್ಕೂ ವಿಜ್ಞಾನಕ್ಕೂ ಮಾಡುವ ಅಪಚಾರ. ಅವರು ಮೂಗಿನಿಂದ ಅರಿಯಬಹುದಾದುದನ್ನು ಅರಿತರು. ಇವರು ಸೂಕ್ಷ್ಮದರ್ಶಕ ಹಿಡಿದು ಮುಂದೆ ಹೋದರು.

ಒಕ್ಕಲುತನದಲ್ಲಿ ಈ ವಿಷಯಕ್ಕೆ ಬೆಲೆಯುಂಟು. ಆ್ಯಕ್ಟಿನೊಮೈಸೀಟುಗಳಲ್ಲಿ ಹೆಚ್ಚಿನವು ಗಾಳಿಯಾಡುವ ಕಡೆ ಬಾಳುವಂಥವು; ಕೊಳೆತ ಕಡ್ಡಿಕಸವನ್ನು ಅರಗಿಸಿ ಮಣ್ಣಿಗೆ ಸೇರಿಸುವ ಕೆಲಸದಲ್ಲಿ ಅವುಗಳ ಪಾಲು ದೊಡ್ಡದು. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವು ನಾರದೆ ಮಳೆಬಿದ್ದ ನೆಲದಂತೆ ಕಂಪಿಡುವುದು ಈ ಕಾರಣದಿಂದ. ನೀರು ನಿಂತು ಉಸಿರುಗಟ್ಟಿದ ಮಣ್ಣಿನಲ್ಲಾದರೋ ಗಂಧಕದ ದುರ್ವಾಸನೆ ಏಳುತ್ತದೆ. ಹಿಡಿಮಣ್ಣನ್ನು ಎತ್ತಿ ಮೂಸಿ ನೋಡುವ ಹಳೆಯ ರೈತನ ರೂಢಿಯು ಬರಿಯ ಅಭ್ಯಾಸಬಲವಲ್ಲ.

ನೀರಿನ ವಿಷಯದಲ್ಲಿ ಮಾತ್ರ ಈ ಕಂಪು ಉಪದ್ರವವಾಗುತ್ತದೆ. ಕೆರೆ-ಜಲಾಶಯಗಳಲ್ಲಿ ಬೆಳೆಯುವ ನೀಲಿ-ಹಸಿರು ಪಾಚಿಗಳು (ಹೆಸರಿಗೆ ಪಾಚಿ, ವಾಸ್ತವವಾಗಿ ಅವೂ ಬ್ಯಾಕ್ಟೀರಿಯಾಗಳೇ) ಇದೇ ವಸ್ತುವನ್ನು ನೀರಿಗೆ ಬಿಡುತ್ತವೆ. ನಲ್ಲಿಯ ನೀರು ಮಣ್ಣು ನಾರುತ್ತದೆಂಬ ದೂರಿಗೆ ಅನೇಕ ವೇಳೆ ಕಾರಣ ಇದು. ಕ್ಲೋರಿನ್ ಹಾಕಿದರೆ ವಾಸನೆ ಸುಲಭವಾಗಿ ಹೋಗದು. ಇದ್ದಿಲಿನಿಂದ ಸಿದ್ಧಪಡಿಸಿದ ಸಕ್ರಿಯ ಕಾರ್ಬನ್ನು ಅದನ್ನು ಹೀರಿಕೊಳ್ಳುತ್ತದೆ. ನೀರಿನಲ್ಲಿ ಕಂಡುಬರುವ ಪ್ರಮಾಣದಲ್ಲಿ ಭೂಗಂಧವು ದೇಹಕ್ಕೆ ಅಪಾಯಕಾರಿಯಲ್ಲ. ಆದರೆ ಕೆಲವು ನೀಲಿ-ಹಸಿರು ಪಾಚಿಗಳು ವಾಸನೆಯಿಲ್ಲದ ವಿಷಗಳನ್ನೂ ಬಿಡುವುದರಿಂದ, ಮೂಗನ್ನೊಂದನ್ನೇ ನಂಬಿ ನೀರಿನ ಗುಣದೋಷ ನಿರ್ಣಯಿಸಲಾಗದು, ಪರೀಕ್ಷೆಯೇ ಬೇಕು.

ಬೀಟ್‌ರೂಟಿನ ಮಣ್ಣುವಾಸನೆಯೂ ಇದೇ ಭೂಗಂಧದಿಂದಾದುದು. ಹುಳಿಯ ಸಂಪರ್ಕದಲ್ಲಿ ಈ ಅಣುವು ಮುರಿದು ವಾಸನೆ ಕಳೆದುಕೊಳ್ಳುತ್ತದೆ. ಬೀಟ್‌ರೂಟಿನ ಕೋಸಂಬರಿಗೆ ಗೃಹಿಣಿಯರು ನಿಂಬೆಹಣ್ಣು ಹಿಂಡುವುದು ರುಚಿಗಾಗಿಯೇ ಇರಬಹುದು. ರಸಾಯನಶಾಸ್ತ್ರಕ್ಕೂ ಅದು ಸಮ್ಮತವಾದದ್ದು.