ಬಿಳಿ ಮುಖದ ವಿದೂಷಕನಿಗೆ ದುಃಖ ಬಂದ ಬಗೆ

ನಗಿಸುವವನು ಒಳಗೊಳಗೇ ಅಳುತ್ತಿರುತ್ತಾನೆಂಬ ಕಲ್ಪನೆ ಇಂದು ಎಷ್ಟು ರೂಢಿಯಾಗಿದೆಯೆಂದರೆ, ಅದು ವಿದೂಷಕನ ಹುಟ್ಟುಗುಣವೇ ಇರಬೇಕೆಂದು ತೋರುತ್ತದೆ. ಆದರೆ ಸಂಸ್ಕೃತ ನಾಟಕಗಳ ವಿದೂಷಕನಿಗೆ ಈ ಭಾರವಿಲ್ಲ. ಅಲ್ಲಿ ವಿರಹದಿಂದ ಬೇಯುವವನು ರಾಜ, ಭಕ್ಷ್ಯಭೋಜ್ಯಗಳ ಚಿಂತೆಯಲ್ಲಿರುವವನು ಅವನ ಗೆಳೆಯ. ಯುರೋಪಿನಲ್ಲಿಯೂ ದುಃಖಿ ವಿದೂಷಕನು ತೀರ ಹಳಬನಲ್ಲ. ಪಿಯರೋ ಎಂಬ ಒಂದೇ ಪಾತ್ರದ ಚರಿತ್ರೆಯನ್ನು ಹಿಡಿದು ನಡೆದರೂ, ಈ ದುಃಖದಲ್ಲಿ ನಟರಿಗಿಂತ ಪ್ರೇಕ್ಷಕರ, ಅದರಲ್ಲಿಯೂ ಲೇಖಕರಾದ ಪ್ರೇಕ್ಷಕರ, ಪಾಲು ದೊಡ್ಡದೆಂಬುದು ಗೊತ್ತಾಗುತ್ತದೆ.

ಕಥೆಯ ಹಂದರವೊಂದನ್ನೇ ಇಟ್ಟುಕೊಂಡು, ತಾಳಮದ್ದಳೆಯ ಅರ್ಥಧಾರಿಗಳಂತೆ ಮಾತನ್ನು ಆಶುವಾಗಿ ಕಟ್ಟುತ್ತಿದ್ದ ಇಟಲಿಯ ರಂಗಪ್ರಕಾರಕ್ಕೆ ಕಮೀಡಿಯಾ ದೆಲ್ ಆರ್ತೆ ಎಂದು ಹೆಸರು. 17ನೆಯ ಶತಮಾನದ ಉತ್ತರಾರ್ಧದಲ್ಲಿ ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಇಂಥ ತಂಡದಲ್ಲಿ ರೂಪುಗೊಂಡ ಪಿಯರೋ, ಕೊಲಂಬಿನ್ ಎಂಬ ಚತುರೆಯನ್ನು ಪ್ರೀತಿಸಿ ಹಾರ್ಲೆಕ್ವಿನ್‌ನ ಎದುರು ಸೋಲುವ ಮುಗ್ಧ ಸೇವಕ. ಹಾರ್ಲೆಕ್ವಿನ್‌ಗೆ ಚರ್ಮದ ಮುಖವಾಡವಿತ್ತು. ಪಿಯರೋನ ಮುಖಕ್ಕೆ ಹಿಟ್ಟಿನ ಬಿಳುಪು ಮಾತ್ರ. ಮುಖದ ಸ್ನಾಯುಗಳೆಲ್ಲ ಕಾಣುವ ಈ ವ್ಯತ್ಯಾಸವು ಮುಂದೆ ಅವನಿಗೆ ಬಹಳ ಒದಗಿಬಂದಿತು.

1697ರಲ್ಲಿ ರಾಜಾಜ್ಞೆಯಿಂದ ಇಟಾಲಿಯನ್ ತಂಡವು ಹೊರಬಿದ್ದ ಮೇಲೆ, ಅದರ ಪಾತ್ರಗಳನ್ನು ಪ್ಯಾರಿಸ್ಸಿನ ಜಾತ್ರೆಗಳ ಆಟದವರು ಎತ್ತಿಕೊಂಡರು. ಸಂಭಾಷಣೆಯ ಹಕ್ಕು ಅಧಿಕೃತ ನಾಟಕಶಾಲೆಯ ಸ್ವತ್ತಾಗಿದ್ದುದರಿಂದ, ಇವರು ಪದ್ಯ ಬರೆದ ಫಲಕಗಳನ್ನು ರಂಗದ ಮೇಲೆ ತೋರಿಸಿ, ನಟರು ಮೂಕರಾಗಿ ಅಭಿನಯಿಸುತ್ತಿದ್ದಂತೆ ಪರಿಚಿತ ಮಟ್ಟುಗಳಲ್ಲಿ ಪ್ರೇಕ್ಷಕರಿಂದಲೇ ಅವನ್ನು ಹಾಡಿಸಿದರು. ಕಾನೂನಿಗೆ ಇದಕ್ಕಿಂತ ಸೊಗಸಾದ ಉತ್ತರ ಇನ್ನೊಂದಿರಲಾರದು.

ಮಾತಿನ ನಿರ್ಬಂಧವನ್ನೇ ಕಲೆಯಾಗಿಸಿದವನು, ಬೊಹೆಮಿಯಾದಲ್ಲಿ 1796ರಲ್ಲಿ ಹುಟ್ಟಿದ ಜಾನ್ ಗಾಸ್ಪಾರ್ ದೆಬ್ಯುರೋ. ಪ್ಯಾರಿಸ್ಸಿನ ಫ್ಯುನಾಂಬ್ಯುಲ್ ಎಂಬ ಅಗ್ಗದ ನಾಟಕಶಾಲೆಯಲ್ಲಿ ಅವನು ಪಿಯರೋನ ಕೊರಳಪಟ್ಟಿಯನ್ನು ತೆಗೆದುಹಾಕಿ, ಟೊಪ್ಪಿಗೆಯ ಬದಲು ತಲೆಗಂಟಿದ ಕರಿಯ ಕುಲಾವಿ ತೊಟ್ಟನು. ಇದರಿಂದ ನೀಳವಾದ ಕತ್ತು ತೆರೆದುಕೊಂಡು, ಬಿಳಿಯ ಮುಖವು ಕರಿಯ ಅಂಚಿನೊಳಗೆ ಎದ್ದುಕಂಡು, ಹುಬ್ಬಿನ ಒಂದು ಕೊಂಕು ಕೂಡ ಹಿಂದಿನ ಸಾಲಿಗೆ ಮುಟ್ಟುವಂತಾಯಿತು. ಆದರೆ ಈ ಪಿಯರೋ ಅಳುಬುರುಕನಾಗಿರಲಿಲ್ಲ: ಕದಿಯುವ, ಒದೆಯುವ, ಸಮಯ ನೋಡಿ ಜಾರಿಕೊಳ್ಳುವ ತಣ್ಣನೆಯ ಕಿಲಾಡಿ. 1836ರಲ್ಲಿ ಬೀದಿಯಲ್ಲಿ ತನ್ನನ್ನು ಹಂಗಿಸಿದ ಯುವಕನೊಬ್ಬನನ್ನು ಕೈಕೋಲಿನಿಂದ ಹೊಡೆದಾಗ ಅವನು ಸತ್ತುದರಿಂದ ದೆಬ್ಯುರೋ ವಿಚಾರಣೆ ಎದುರಿಸಿ ಖುಲಾಸೆಯಾದನು. ಮೂಕನಟನ ದನಿಯನ್ನು ಕೇಳಲೆಂದೇ ಜನ ನ್ಯಾಯಾಲಯಕ್ಕೆ ಮುಗಿಬಿದ್ದರೆಂಬ ಮಾತಿದೆ.

ಪಿಯರೋನನ್ನು ವಿಷಾದಮೂರ್ತಿಯಾಗಿಸಿದವರು ರೊಮ್ಯಾಂಟಿಕ್ ಲೇಖಕರು. ತಿಯೋಫಿಲ್ ಗೋತಿಯೆ 1842ರ ಲೇಖನದಲ್ಲಿ, ಹಳೆಬಟ್ಟೆ ಮಾರುವವನನ್ನು ಕೊಂದು ಅವನ ಪ್ರೇತದಿಂದ ಬೆನ್ನಟ್ಟಿಸಿಕೊಳ್ಳುವ ಪಿಯರೋನ ಕಥೆಯನ್ನು ಶೇಕ್ಸ್‌ಪಿಯರನ ಎತ್ತರಕ್ಕೆ ಏರಿಸಿದನು. ರಂಗದ ಮೇಲೆಯೂ ಪಾಲ್ ಲೆಗ್ರಾಂಡ್ ಎಂಬ ನಟನು ಪಾತ್ರಕ್ಕೆ ಕಣ್ಣೀರನ್ನು ಕೂಡಿಸಿದನು. ಖಿನ್ನನಾದ ರೋಗಿಗೆ ವೈದ್ಯನು ಪ್ರಸಿದ್ಧ ವಿದೂಷಕನ ಆಟ ನೋಡೆಂದಾಗ, ಆ ವಿದೂಷಕ ತಾನೇ ಎಂದು ರೋಗಿ ಹೇಳುವ ಕಥೆಯು ಒಮ್ಮೆ ದೆಬ್ಯುರೋನ ಹೆಸರಿನಲ್ಲಿ, ಒಮ್ಮೆ ಲಂಡನ್ನಿನ ವಿದೂಷಕ ಗ್ರಿಮಾಲ್ಡಿಯ ಹೆಸರಿನಲ್ಲಿ ಸುತ್ತುತ್ತಿರುವುದನ್ನು ನೋಡಿದರೆ, ಅದನ್ನು ಯಾರ ಜೀವನಚರಿತ್ರೆಯೆಂದೂ ನಂಬುವುದು ಕಷ್ಟ.

ಸಂಗೀತಕ್ಕೆ ಈ ದುಃಖವು ಸಿದ್ಧವಾಗಿಯೇ ದೊರೆಯಿತು. 1892ರಲ್ಲಿ ಮಿಲಾನಿನಲ್ಲಿ ಮೊದಲು ಪ್ರದರ್ಶನಗೊಂಡ ಲಿಯೊಂಕವಾಲೊನ 'ಪಲ್ಯಾಚಿ' ಒಪೆರಾದಲ್ಲಿ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದಲ್ಲಿ, ಹೆಂಡತಿಗೆ ಬೇರೊಬ್ಬನಲ್ಲಿ ಪ್ರೇಮವಿರುವುದನ್ನು ಅರಿತ ವಿದೂಷಕ ಕಾನಿಯೊ ವೇಷ ಕಟ್ಟುತ್ತಲೇ ಹಾಡಬೇಕಾಗುತ್ತದೆ. ಕೊನೆಗೆ ಆಟದ ನಡುವೆಯೇ ಅವಳನ್ನೂ ಅವಳ ಪ್ರಿಯಕರನನ್ನೂ ಇರಿದು ಕೊಲ್ಲುತ್ತಾನೆ. ಕರುಣೆಯ ಮರೆಯಲ್ಲಿ ಈ ಕೊಲೆಗಳು ಸುಲಭವಾಗಿ ಮರೆತುಹೋಗುತ್ತವೆಂಬುದು ಗಮನಿಸತಕ್ಕ ಸಂಗತಿ. ಎನ್ರಿಕೊ ಕರೂಸೊನ ಧ್ವನಿಮುದ್ರಿಕೆಗಳು ಆ ಹಾಡನ್ನು ಮನೆಮನೆಗೆ ಒಯ್ದವು. 1970ರಲ್ಲಿ ಅಮೆರಿಕದಲ್ಲಿಯೂ ಬ್ರಿಟನ್ನಿನಲ್ಲಿಯೂ ಅಗ್ರಸ್ಥಾನಕ್ಕೇರಿದ ಸ್ಮೋಕಿ ರಾಬಿನ್ಸನ್ ಮತ್ತು ಸಂಗಡಿಗರ 'ದ ಟಿಯರ್ಸ್ ಆಫ್ ಎ ಕ್ಲೌನ್' ಅದೇ ವಿದೂಷಕನನ್ನು ನೆನೆಯುತ್ತದೆ.

ಸಂಗೀತ ರಚನಕಾರ ಷೋನ್‌ಬರ್ಗ್‌ನ 'ಪಿಯರೋ ಲುನೇರ್' ಮಾತ್ರ ಬೇರೆ ದಾರಿ ಹಿಡಿಯಿತು. 1912ರಲ್ಲಿ ಬರ್ಲಿನ್ನಿನಲ್ಲಿ ಪ್ರದರ್ಶನಗೊಂಡ ಈ ಕೃತಿಯಲ್ಲಿ ಗಾಯಕಿಯು 21 ಕವಿತೆಗಳನ್ನು, ಸ್ವರವನ್ನು ಮುಟ್ಟಿದೊಡನೆ ಬಿಟ್ಟು ಮೇಲಕ್ಕೋ ಕೆಳಕ್ಕೋ ಜಾರುವ, ಅತ್ತ ಹಾಡೂ ಅಲ್ಲದ ಇತ್ತ ಮಾತೂ ಅಲ್ಲದ ರೀತಿಯಲ್ಲಿ ನುಡಿಯುತ್ತಾಳೆ. ಇಲ್ಲಿ ಕೇಳುಗನಿಗೆ ಅಳಲು ಅನುಕೂಲವಾದ ರಾಗವೇ ಸಿಗುವುದಿಲ್ಲ.