ಗಾಲಿಯ ಮೇಲಿನ ಮನೆಗೆ ಸುದ್ದಿಯ ದಾರಿ

ಪ್ರವಾಸಕ್ಕೆ ಹೊರಡುವವನು ಮನೆಯನ್ನು ಹಿಂದೆ ಬಿಟ್ಟು ಹೊರಡುವನೆಂಬದು ಲೋಕರೂಢಿ. ಆದರೆ ಮನೆಯನ್ನೇ ಗಾಲಿಯ ಮೇಲೆ ಏರಿಸಿಕೊಂಡು ಹೊರಡುವದೂ ನಮ್ಮ ಸೀಮೆಗೆ ಹೊಸದಲ್ಲ. ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ನಮ್ಮ ಒಕ್ಕಲು ಮಕ್ಕಳು ಚಕ್ಕಡಿಗೆ ಕಮಾನು ಕಟ್ಟಿ, ತಾಡಪತ್ರಿ ಹೊದಿಸಿ, ರೊಟ್ಟಿಯ ಗಂಟು, ಹಾಸಿಗೆ, ಎತ್ತಿನ ಮೇವು ಇವುಗಳೊಡನೆ ಮುದುಕರನ್ನೂ ಕೈಗೂಸುಗಳನ್ನೂ ಕೂಡ್ರಿಸಿಕೊಂಡು ಹೋಗುವ ಪದ್ಧತಿ ಎಷ್ಟೋ ತಲೆಮಾರುಗಳದು. ಆ ನಾಲ್ಕಾರು ದಿನ ಚಕ್ಕಡಿಯೇ ಅಡಿಗೆಯ ಮನೆ, ಚಕ್ಕಡಿಯೇ ಮಲಗುವ ಮನೆ. ಈಗ ಬೆಂಗಳೂರಿನಂಥ ಪಟ್ಟಣಗಳಲ್ಲಿ ಬಾಡಿಗೆಗೆ ದೊರೆಯುವ ಕ್ಯಾರವಾನ್ ಎಂಬ ಮನೆಗಾಡಿಯು ಆ ಚಕ್ಕಡಿಯ ಮೊಮ್ಮಗನೆಂದರೆ ತಪ್ಪಾಗಲಾರದು. ಅದರೊಳಗೆ ಮಂಚವುಂಟು, ಒಲೆಯುಂಟು, ನೀರಿನ ತೊಟ್ಟಿಯುಂಟು. ಅಜ್ಜನ ಚಕ್ಕಡಿಯಲ್ಲಿ ಇಲ್ಲದ ಇನ್ನೊಂದು ಬೇಡಿಕೆಯು ಮಾತ್ರ ಮೊಮ್ಮಗನೊಡನೆ ಹುಟ್ಟಿಕೊಂಡಿದೆ: ದಾರಿಯಲ್ಲಿಯೂ ದೂರದರ್ಶನ ಕಾಣಬೇಕು, ಇಂಟರ್ನೆಟ್ ಓಡಬೇಕು.

ಇದನ್ನು ಬರಿಯ ಶೋಕಿಯೆಂದು ತಳ್ಳಿಹಾಕುವ ಹಿರಿಯರುಂಟು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ನಾವು ವಿಚಾರಿಸಬೇಕಾಗಿದೆ. ಹಾನಗಲ್ಲ ತಾಲೂಕಿನ ನಮ್ಮ ಆಡೂರು ಬಾದಾಮಿಯ ಚಾಲುಕ್ಯರ ಕಾಲದ ಶಾಸನವುಳ್ಳ ಊರು. ಆ ಕಾಲದಲ್ಲಿ ತಿಳಿಸತಕ್ಕ ಸಂಗತಿಯನ್ನು ಕಲ್ಲಿನಲ್ಲಿ ಕೊರೆದು ನಿಲ್ಲಿಸುತ್ತಿದ್ದರು. ಓದುವವನು ಕಲ್ಲಿನ ಬಳಿಗೆ ನಡೆದು ಬರಬೇಕಾಗಿತ್ತು. ಈಗ ಸುದ್ದಿಯೇ ಓದುಗನನ್ನು ಹುಡುಕಿಕೊಂಡು ಹೋಗುತ್ತದೆ. ಆದರೆ ಅದು ಬರುವ ದಾರಿ ಯಾವದು, ಆ ದಾರಿ ಯಾವಾಗ ಕಟ್ಟಿಹೋಗುವದು ಎಂಬದನ್ನು ಅರಿಯದೆ ಹೊರಟವನು ಬೇಕಾದ ಹೊತ್ತಿಗೇ ಸುದ್ದಿಯಿಲ್ಲದೆ ಉಳಿಯುವನು. ಮನರಂಜನೆ ಬರುವ ದಾರಿಯೂ ಎಚ್ಚರಿಕೆ ಬರುವ ದಾರಿಯೂ ಒಂದೇ ಅಲ್ಲ. ಈ ಲೇಖನದ ಸಾರವೆಲ್ಲ ಇಷ್ಟೇ.

ಮೊದಲು ದೂರದರ್ಶನದ ಮಾತು. ಹಿಂದೆ ಮಾಳಿಗೆಯ ಮೇಲೆ ಮೀನಿನ ಎಲುಬಿನಂತೆ ನಿಂತಿರುತ್ತಿದ್ದ ಕಡ್ಡಿಯ ಆಂಟೆನಾಗಳು ನೆಲದ ಮೇಲಿನ ಗೋಪುರಗಳಿಂದ ಚಿತ್ರವನ್ನು ಹಿಡಿಯುತ್ತಿದ್ದವು. ಪ್ರಸಾರ ಭಾರತಿಯು 2022ರ ಹೊತ್ತಿಗೆ ಆ ಹಳೆಯ ಬಗೆಯ ಗೋಪುರಗಳಲ್ಲಿ ಬಹುತೇಕ ಎಲ್ಲವನ್ನೂ ನಿಲ್ಲಿಸಿಬಿಟ್ಟಿತು. ಆದುದರಿಂದ ಮನೆಗಾಡಿಯ ತಲೆಯ ಮೇಲೆ ಅಂಥ ಕಡ್ಡಿಯನ್ನು ನೆಡುವದು ವ್ಯರ್ಥ ವೆಚ್ಚ. ಈಗ ಚಿತ್ರವು ಬರುವದು ಆಕಾಶದಿಂದ.

ಆಕಾಶದಿಂದ ಚಿತ್ರ ಬರುವದು ಕನ್ನಡಿಗರಿಗೆ ಐವತ್ತು ವರ್ಷಗಳ ಪರಿಚಯದ ಸಂಗತಿ. 1975ರ ಆಗಸ್ಟ್ 1ರಿಂದ ಒಂದು ವರ್ಷದ ಕಾಲ ಅಮೇರಿಕೆಯ ಏ. ಟಿ. ಎಸ್.-6 ಎಂಬ ಉಪಗ್ರಹದ ಮೂಲಕ ಭಾರತದ ಆರು ರಾಜ್ಯಗಳ 2400 ಹಳ್ಳಿಗಳಿಗೆ ಶಿಕ್ಷಣದ ಕಾರ್ಯಕ್ರಮಗಳನ್ನು ತೋರಿಸಿದರು. ನಮ್ಮ ರಾಜ್ಯದ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಕೋಳಿಗೂಡಿಗೆ ಬಳಸುವಂಥ ತಂತಿಯ ಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ದೊಡ್ಡ ಬಟ್ಟಲು, ಅದರ ಕೆಳಗೆ ಊರಿಗೊಂದು ಪೆಟ್ಟಿಗೆ, ಅದರ ಮುಂದೆ ಊರಿಗೆ ಊರೇ! ಆ ಮೂರು ಮೀಟರಿನ ಬಟ್ಟಲು ಈಗ 60 ಸೆಂಟಿಮೀಟರಿಗೆ ಇಳಿದಿದೆ. 2004ರಲ್ಲಿ ಆರಂಭವಾದ ದೂರದರ್ಶನದ ಡಿಶ್ ಸೇವೆಯು, ಅಂದರೆ ಈಗಿನ ಡಿಡಿ ಫ್ರೀ ಡಿಶ್, ತಿಂಗಳ ಬಾಡಿಗೆಯನ್ನು ಕೇಳುವದಿಲ್ಲ. ಬಟ್ಟಲನ್ನೂ ಪೆಟ್ಟಿಗೆಯನ್ನೂ ಒಮ್ಮೆ ಕೊಂಡರಾಯಿತು. ಕನ್ನಡದ ಚಂದನ ವಾಹಿನಿಯು ಅದರಲ್ಲಿಯೇ ದೊರೆಯುವದು. ಮನೆಗಾಡಿಯ ಕುಟುಂಬಕ್ಕೆ ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಆದರೆ ಒಂದು ನಿಯಮವುಂಟು. ಈ ಸೇವೆಯನ್ನು ಹೊತ್ತ ಜಿಸ್ಯಾಟ್-15 ಉಪಗ್ರಹವು ಭೂಮಧ್ಯರೇಖೆಯ ನೇರಕ್ಕೆ, ಪೂರ್ವ ರೇಖಾಂಶ 93.5ರಲ್ಲಿ, ನೆಲದಿಂದ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿದೆ. ಭೂಮಿಯು ತಿರುಗಿದಷ್ಟೇ ವೇಗದಿಂದ ಅದೂ ತಿರುಗುವದರಿಂದ ನಮ್ಮ ಕಣ್ಣಿಗೆ ಒಂದೇ ಕಡೆಯಲ್ಲಿ ನಿಂತಂತೆಯೇ ಸರಿ. ಇಂಥ ಉಪಗ್ರಹಗಳನ್ನು ತಮ್ಮ ಸ್ಥಾನದಿಂದ ಕದಲದಂತೆ ಕಾಯುವ ಇಸ್ರೋ ಸಂಸ್ಥೆಯ ನಿಯಂತ್ರಣ ಕೇಂದ್ರವು ನಮ್ಮ ಹಾಸನದಲ್ಲಿಯೇ ಇದೆಯೆಂಬದು ಅಭಿಮಾನದ ಸಂಗತಿ. ಉಪಗ್ರಹವು ನಿಂತಿರುವದರಿಂದ ಬಟ್ಟಲೂ ಅದನ್ನೇ ನೋಡುತ್ತ ನಿಲ್ಲಬೇಕು; ಒಂದೆರಡು ಅಂಶ ಅತ್ತಿತ್ತ ಸರಿದರೂ ಚಿತ್ರ ಹರಿದುಹೋಗುವದು. ಓಡುವ ಗಾಡಿಯ ಮೇಲೆ ಸಾದಾ ಬಟ್ಟಲು ಕೆಲಸ ಮಾಡದಿರಲು ಇದೇ ಕಾರಣ. ತಾನಾಗಿಯೇ ತಿರುಗಿ ಉಪಗ್ರಹವನ್ನು ಹಿಡಿಯುವ ಬಟ್ಟಲುಗಳಿದ್ದರೂ ಅವು ಬೆಲೆಯುಳ್ಳ ಯಂತ್ರಗಳು. ಸಾಧಾರಣ ಗೃಹಸ್ಥನು ಗಾಡಿಯನ್ನು ನಿಲ್ಲಿಸಿ, ಬಟ್ಟಲನ್ನು ಕೆಳಗಿಳಿಸಿ, ನೆಲದ ಮೇಲೆ ಭದ್ರವಾಗಿ ನಿಲ್ಲಿಸುವದೇ ಲೇಸು.

ಯಾವ ದಿಕ್ಕಿಗೆ ನಿಲ್ಲಿಸಬೇಕು? ಆಡೂರಿನಲ್ಲಿ ನಿಂತು ಲೆಕ್ಕ ಹಾಕಿದರೆ ಉಪಗ್ರಹವು ಆಗ್ನೇಯ ದಿಕ್ಕಿನಲ್ಲಿ, ತುಸು ಪೂರ್ವದ ಕಡೆಗೆ ವಾಲಿ, ಅಂದರೆ ದಿಕ್ಸೂಚಿಯ 127 ಅಂಶದ ಸುಮಾರಿಗೆ ಇರುವದು. ಕ್ಷಿತಿಜದಿಂದ ಅದರ ಎತ್ತರವು ಸುಮಾರು 63 ಅಂಶ. ಕರ್ನಾಟಕದಲ್ಲಿ ಎಲ್ಲಿಗೆ ಹೋದರೂ ಈ ಎತ್ತರವು ಹೆಚ್ಚು ಬದಲಾಗದು. ದಿಕ್ಕು ಮಾತ್ರ ಬದಲಾಗುವದು: ಮಂಗಳೂರಿನಲ್ಲಿ 123 ಅಂಶದ ಹತ್ತಿರವಿದ್ದದ್ದು ಬೀದರದಲ್ಲಿ 137 ಅಂಶಕ್ಕೆ ಹೊರಳುವದು. ಆದುದರಿಂದ ಮನೆಗಾಡಿಯವನ ಜೇಬಿನಲ್ಲಿ ಒಂದು ದಿಕ್ಸೂಚಿ ಇರಲಿ. ಬಟ್ಟಲಿನ ಮುಖವು ಕಣ್ಣಿಗೆ ಅಷ್ಟು ಮೇಲೆ ನೋಡುತ್ತಿರುವಂತೆ ತೋರದು, ಏಕೆಂದರೆ ಈ ಬಟ್ಟಲುಗಳು ಓರೆಯಾಗಿ ಬಂದ ಕಿರಣವನ್ನು ಹಿಡಿಯುವಂತೆ ರಚಿತವಾಗಿವೆ. ಹಿಂದಿನ ಕಬ್ಬಿಣದ ಪಟ್ಟಿಯ ಮೇಲೆ ಕೊರೆದ ಅಂಶಗಳನ್ನು ನೋಡಿಯೇ ಎತ್ತರವನ್ನು ಗೊತ್ತುಮಾಡಬೇಕು. ಆಗ್ನೇಯಕ್ಕೆ ಅಡಿಕೆಯ ತೋಟವೋ ಸಾಗವಾನಿಯ ಮರವೋ ಅಡ್ಡವಿದ್ದಲ್ಲಿ ಎಷ್ಟು ತಿರುಗಿಸಿದರೂ ಫಲವಿಲ್ಲ. ಬೀಡು ಬಿಡುವ ಮೊದಲು ನೆರಳನ್ನು ನೋಡುವಂತೆ ಆಗ್ನೇಯದ ಆಕಾಶವನ್ನೂ ನೋಡಿಕೊಳ್ಳತಕ್ಕದ್ದು.

ವಿದ್ಯುತ್ತಿನ ಲೆಕ್ಕವೂ ಬೇಕು. 24 ಇಂಚಿನ ಚಿಕ್ಕ ದೂರದರ್ಶನವೂ ಅದರ ಪೆಟ್ಟಿಗೆಯೂ ಕೂಡಿ ಸುಮಾರು 40 ವ್ಯಾಟ್ ಬಳಸುವವೆಂದು ಇಟ್ಟುಕೊಂಡರೆ ಮೂರು ತಾಸಿಗೆ 120 ವ್ಯಾಟ್-ತಾಸು ಆಯಿತು. 12 ವೋಲ್ಟಿನ 100 ಆಂಪಿಯರ್-ತಾಸಿನ ಬ್ಯಾಟರಿಯಲ್ಲಿ 1200 ವ್ಯಾಟ್-ತಾಸು ಇರುವದಾದರೂ ಅರ್ಧಕ್ಕಿಂತ ಹೆಚ್ಚು ಬಳಸದಿರುವದು ಬ್ಯಾಟರಿಯ ಆಯುಷ್ಯಕ್ಕೆ ಹಿತ. ಎಂಜಿನ್ನನ್ನು ಆರಂಭಿಸುವ ಬ್ಯಾಟರಿಯೇ ಬೇರೆ, ಮನೆಯ ಬ್ಯಾಟರಿಯೇ ಬೇರೆ ಇರಬೇಕು; ಇಲ್ಲದಿದ್ದರೆ ರಾತ್ರಿ ನಾಟಕ ನೋಡಿದ ಕುಟುಂಬವು ಬೆಳಿಗ್ಗೆ ಗಾಡಿಯನ್ನು ತಳ್ಳಬೇಕಾದೀತು.

ಈ ಆಕಾಶದ ದಾರಿಗೆ ಒಂದು ದೊಡ್ಡ ದೋಷವುಂಟು. ಡಿಶ್ಶಿಗೆ ಬರುವ ಅಲೆಗಳು ಬಹು ಚಿಕ್ಕವು. ದಟ್ಟವಾದ ಮಳೆಯ ಹನಿಗಳು ಅವನ್ನು ನುಂಗಿಬಿಡುವವು. ಮಲೆನಾಡಿನಲ್ಲಿ ಜಡಿಮಳೆ ಹಿಡಿದಾಗ ಪರದೆಯು ಮೊದಲು ಚೂರುಚೂರಾಗಿ ಆಮೇಲೆ ಕುರುಡಾಗುವದನ್ನು ಅನೇಕರು ಕಂಡಿರಬಹುದು. ಎಂದರೆ, ಹವೆಯ ವರ್ತಮಾನವು ಯಾವ ಹೊತ್ತಿಗೆ ಬೇಕೋ ಆ ಹೊತ್ತಿಗೇ ದೂರದರ್ಶನವು ಕೈಬಿಡುವದು.

ಇದು ಸಣ್ಣ ಮಾತಲ್ಲ. ಹಾನಗಲ್ಲಿನಿಂದ ಶಿರಸಿಯ ಮಾರ್ಗವಾಗಿ ದೇವಿಮನೆ ಘಟ್ಟವನ್ನಿಳಿದು ಕುಮಟೆ, ಗೋಕರ್ಣ, ಅಂಕೋಲೆಗಳಿಗೆ ಹೋಗುವದು ನಮ್ಮ ಭಾಗದ ಕುಟುಂಬಗಳಿಗೆ ಪ್ರಿಯವಾದ ಪ್ರವಾಸ. 2024ರ ಜುಲೈ 16ರಂದು ಬೆಳಿಗ್ಗೆ, ಮಳೆಯ ದಿನಗಳಲ್ಲಿ, ಅಂಕೋಲಾ ತಾಲೂಕಿನ ಶಿರೂರಿನ ಬಳಿಯಲ್ಲಿ 66ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲೆ ಗುಡ್ಡವು ಕುಸಿಯಿತು. ದಾರಿಯ ಬದಿಯ ಚಹದ ಅಂಗಡಿಯನ್ನೂ, ದಣಿವಾರಿಸಿಕೊಳ್ಳಲು ಅಲ್ಲಿ ನಿಂತಿದ್ದ ವಾಹನಗಳನ್ನೂ ಮಣ್ಣು ನೂಕಿಕೊಂಡು ಗಂಗಾವಳಿ ನದಿಗೆ ಹೋಯಿತು, ಜೀವಗಳು ಹೋದವು. ಒಂದು ಲಾರಿಯು ನದಿಯ ತಳದಿಂದ ಮೇಲಕ್ಕೆ ಬಂದದ್ದು ಸಪ್ಟೆಂಬರ್ 25ರಂದು. ನಿಂತವರು ಯಾವ ತಪ್ಪನ್ನೂ ಮಾಡಿರಲಿಲ್ಲ. ದಾರಿಯ ಬದಿಯಲ್ಲಿ ತುಸು ಹೊತ್ತು ನಿಂತಿದ್ದರು, ಅಷ್ಟೇ. ಮನೆಗಾಡಿಯವರಾದರೋ ಅಂಥ ಎಡೆಯಲ್ಲಿ ರಾತ್ರಿಯೆಲ್ಲ ಮಲಗುವವರು. ಎಲ್ಲಿ ಬೀಡು ಬಿಡಬೇಕೆಂಬ ನಿರ್ಣಯವು ಅವರಿಗೆ ಪ್ರಾಣದ ಪ್ರಶ್ನೆ. ಆ ನಿರ್ಣಯಕ್ಕೆ ಹವೆಯ ಸುದ್ದಿಯೇ ಆಧಾರ.

ಆ ಸುದ್ದಿಯು ಬರುವದು ನೆಲದ ದಾರಿಯಿಂದ, ಅಂದರೆ ಮೊಬೈಲ್ ಗೋಪುರದಿಂದ. ಇಂಟರ್ನೆಟ್ಟೂ ಅದೇ ದಾರಿಯದು. ಹವಾಮಾನ ಇಲಾಖೆಯು ಜಿಲ್ಲೆಗಳಿಗೆ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಿಂದ ಮುನ್ನೆಚ್ಚರಿಕೆಯನ್ನು ಕೊಡುತ್ತದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ವ್ಯವಸ್ಥೆಯು ಅಪಾಯವಿರುವ ಸೀಮೆಯ ಫೋನುಗಳಿಗೆ ಸಂದೇಶವನ್ನು ಕಳಿಸುತ್ತದೆ. ಇದರ ವಿಶೇಷವೇನೆಂದರೆ, ಸಂದೇಶವು ಬರುವದು ನೀವು ಯಾವ ಊರಿನವರೆಂಬದನ್ನು ನೋಡಿ ಅಲ್ಲ, ಈಗ ಎಲ್ಲಿದ್ದೀರೆಂಬದನ್ನು ನೋಡಿ. ಸಿನೇಮಾ ಓಡಿಸಲಾರದಷ್ಟು ಕ್ಷೀಣವಾದ ಸಂಪರ್ಕವಿದ್ದಲ್ಲಿಯೂ ನಾಲ್ಕು ಸಾಲಿನ ಸಂದೇಶವು ನುಸುಳಿಕೊಂಡು ಬರುವದುಂಟು. ಆದರೆ ಗೋಪುರವೇ ಇಲ್ಲದ ಕಣಿವೆಯಲ್ಲಿ ಅದೂ ಇಲ್ಲ. 112ಕ್ಕೆ ಮಾಡುವ ಕರೆಯನ್ನು ನಿಮ್ಮ ಕಂಪನಿಯ ಗೋಪುರ ಸಿಗದಿದ್ದರೆ ಬೇರೆಯವರ ಗೋಪುರವು ಸಾಧಾರಣವಾಗಿ ಒಯ್ಯುವದು. ಯಾರ ಗೋಪುರವೂ ಇಲ್ಲದಲ್ಲಿ ಆ ಫೋನು ಬರಿಯ ಕೈದೀವಿಗೆ.

ಆದುದರಿಂದ ಜಾಣ ಗೃಹಸ್ಥನು ಎರಡು ಬೇರೆ ಕಂಪನಿಗಳ ಸಿಮ್ಮುಗಳನ್ನು ಒಯ್ಯುವನು. ಒಂದರ ಗೋಪುರವಿಲ್ಲದಲ್ಲಿ ಇನ್ನೊಂದರದು ಇರಬಹುದು. ಗಾಡಿಯ ಲೋಹದ ಮೈಯು ಅಲೆಗಳನ್ನು ತಡೆಯುವದರಿಂದ ಇಂಟರ್ನೆಟ್ ಹಂಚುವ ಫೋನನ್ನು ಕಿಟಕಿಯ ಗಾಜಿನ ಬಳಿಯಲ್ಲಿ ಇಡುವನು. ದಾರಿಯ ನಕಾಶೆಗಳನ್ನೂ ಮಕ್ಕಳ ಸಿನೇಮಾಗಳನ್ನೂ ಮನೆಯಲ್ಲಿಯೇ ಇಳಿಸಿಕೊಂಡು ಹೊರಡುವನು. ಸಂಪರ್ಕವನ್ನು ಬಲಪಡಿಸುವ ಬೂಸ್ಟರ್ ಎಂಬ ಪೆಟ್ಟಿಗೆಯನ್ನು ಮಾರುವವರುಂಟು. ಅನುಮತಿಯಿಲ್ಲದೆ ಅದನ್ನು ಹಚ್ಚುವದು ನಮ್ಮ ದೇಶದಲ್ಲಿ ಅಪರಾಧ, ಮತ್ತು ಅದು ನೆರೆಯವರ ಸಂಪರ್ಕವನ್ನೂ ಕೆಡಿಸುವದು.

ಪರದೇಶದಲ್ಲಿ ಮಕ್ಕಳಿರುವ ತಂದೆತಾಯಿಗಳು ಇನ್ನೊಂದು ಉಪಾಯವನ್ನು ಕೇಳಿರಬಹುದು. ಅಮೇರಿಕೆಯಲ್ಲಿ ಸ್ಟಾರ್‌ಲಿಂಕ್ ಕಂಪನಿಯು 2022ರಲ್ಲಿ ಮನೆಗಾಡಿಯವರಿಗೆಂದೇ ಉಪಗ್ರಹದ ಇಂಟರ್ನೆಟ್ಟನ್ನು ಆರಂಭಿಸಿತು. ಅದರ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿಯೇ ಸಾವಿರಾರು ಸಂಖ್ಯೆಯಲ್ಲಿ ಸುತ್ತುತ್ತಿರುವವು. ಒಂದು ಮರೆಯಾಗುವದರೊಳಗೆ ಇನ್ನೊಂದು ಬಂದಿರುವದು. ನಿಂತ ಉಪಗ್ರಹಕ್ಕೆ ಹೋಗಿ ಇಳಿಯಲು ಮಾತಿಗೆ ಸುಮಾರು ಕಾಲು ಸೆಕೆಂಡು ಬೇಕಾದರೆ ಇಲ್ಲಿ ಅದರ ಅಲ್ಪಾಂಶ ಸಾಕು. ಭಾರತದಲ್ಲಿ ಸೇವೆ ನಡೆಸಲು ಆ ಕಂಪನಿಗೆ 2025ರ ಜೂನಿನಲ್ಲಿ ದೂರಸಂಪರ್ಕ ಇಲಾಖೆಯ ಪರವಾನಿಗೆ ದೊರೆಯಿತು. ಆದರೆ ಅಲ್ಲಿಂದ ಮಗನು ತಂದ ಯಂತ್ರವನ್ನು ಇಲ್ಲಿ ತಾವಾಗಿಯೇ ಹಚ್ಚಿಬಿಡಬಹುದೆಂದು ಯಾರೂ ತಿಳಿಯಬಾರದು. ಉಪಗ್ರಹದ ಫೋನನ್ನಾಗಲಿ ಯಂತ್ರವನ್ನಾಗಲಿ ಪರವಾನಿಗೆಯಿಲ್ಲದೆ ಬಳಸಿದವರು ನಮ್ಮ ದೇಶದಲ್ಲಿ ಪೋಲೀಸರ ವಶವಾದ ಉದಾಹರಣೆಗಳಿವೆ. ಸರಕಾರದ ಒಪ್ಪಿಗೆಯುಳ್ಳ ಸೇವೆಯನ್ನು ಇಲ್ಲಿಯೇ ಕೊಳ್ಳುವದು ಮರ್ಯಾದೆಯ ದಾರಿ.

ಕೊನೆಗೆ ಒಂದು ಹಳೆಯ ಗೆಳೆಯನನ್ನು ಮರೆಯಬಾರದು. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಆರಂಭಿಸಿದ ಕೇಂದ್ರದಿಂದಲೇ ‘ಆಕಾಶವಾಣಿ’ಯೆಂಬ ಹೆಸರು ದೇಶಕ್ಕೆಲ್ಲ ಬಂದಿತು. 1950ರ ಜನವರಿ 8ರಂದು ಧಾರವಾಡಕ್ಕೂ ಆಕಾಶವಾಣಿ ಬಂದಿತು. ಅದರ 765 ಕಿಲೋಹರ್ಟ್ಸಿನ ಮಧ್ಯಮ ತರಂಗವು ಬಹು ಉದ್ದವಾದ ಅಲೆ. ಮಳೆಯ ಹನಿ ಅದನ್ನು ನುಂಗಲಾರದು, ಗುಡ್ಡವೂ ಸುಲಭವಾಗಿ ತಡೆಯಲಾರದು. ಸಿಡಿಲಿನ ಗರಗರ ಸಪ್ಪಳವೊಂದನ್ನು ಸಹಿಸಿಕೊಂಡರೆ ಸಾಕು. ಎರಡು ಶೆಲ್ಲಿನ ಒಂದು ಚಿಕ್ಕ ರೇಡಿಯೋ ಬಟ್ಟಲು ಕುರುಡಾದಾಗ, ಫೋನು ಮೂಕವಾದಾಗ ಮಾತಾಡಬಲ್ಲದು.

ಹೊರಡುವವರು ಇಷ್ಟನ್ನು ಮನಸ್ಸಿನಲ್ಲಿಡಲಿ. ಮಳೆಗಾಲದಲ್ಲಿ ಘಟ್ಟವನ್ನು ಇಳಿಯುವ ಮುಂಚೆ, ಶಿರಸಿಯಂಥ ಊರಿನಲ್ಲಿ ಸಂಪರ್ಕ ಚೆನ್ನಾಗಿರುವಾಗಲೇ, ಮರುದಿನದ ಹವೆಯನ್ನು ನೋಡಿಕೊಳ್ಳಬೇಕು. ಗುಡ್ಡವನ್ನು ಕಡಿದು ಮಾಡಿದ ದಾರಿಯ ಬುಡದಲ್ಲಿಯೂ ಹೊಳೆಯ ದಂಡೆಯಲ್ಲಿಯೂ ರಾತ್ರಿ ತಂಗಬಾರದು. ಚಿತ್ರ ಚೆನ್ನಾಗಿ ಕಾಣುವ ಎಡೆಗಿಂತ ಫೋನು ಹಿಡಿಯುವ ಎಡೆಯೇ ಮಳೆಗಾಲದಲ್ಲಿ ಉತ್ತಮ ಬೀಡು. ಊರಲ್ಲಿ ಉಳಿದ ವೃದ್ಧರಿಗೆ ಯಾವ ರಾತ್ರಿ ಎಲ್ಲಿ ತಂಗುವೆವು, ಯಾವ ದಾರಿಯಲ್ಲಿ ಎಷ್ಟು ತಾಸು ಫೋನು ಸಿಗಲಾರದು ಎಂಬದನ್ನು ಕಾಗದದ ಮೇಲೆ ಬರೆದುಕೊಟ್ಟು ಹೋಗಬೇಕು. ಮೊದಲೇ ತಿಳಿದ ಮೌನವು ಯಾರ ಎದೆಯನ್ನೂ ಒಡೆಯದು. ಗೊತ್ತಾದ ಹೊತ್ತು ಮೀರಿದ ಮೌನವು ಸಹಾಯಕ್ಕೆ ಕೂಗಿದಂತೆಯೇ ಆಗುವದು. ಇಷ್ಟು ವ್ಯವಸ್ಥೆಯನ್ನು ಮಾಡಿಕೊಂಡ ಕುಟುಂಬವು ಬೇಸಿಗೆಯ ತಿಳಿಯಾದ ರಾತ್ರಿಯಲ್ಲಿ ಗಾಡಿಯ ಮಗ್ಗುಲಿಗೆ ಬಟ್ಟಲನ್ನು ನಿಲ್ಲಿಸಿ ಚಂದನದ ಹಾಡನ್ನು ನಿಶ್ಚಿಂತೆಯಿಂದ ಕೇಳಲಿ. ಅದನ್ನು ಶೋಕಿಯೆನ್ನಲು ಯಾವ ಹಿರಿಯರಿಗೂ ಮನಸ್ಸು ಬಾರದು.