ಕಾಣದ ಬದಿಯ ಬೆಸುಗೆ

ಐಟಿಐಗೆ ಸೇರಿದ ಹುಡುಗ ಮೊದಲು ಬೆಸೆಯುವುದು ಮೇಜಿನ ಮೇಲೆ ಮಲಗಿಸಿದ ಕಬ್ಬಿಣದ ಪಟ್ಟಿಗಳನ್ನು. ಕರಗಿದ ಲೋಹ ಸಂದಿಯಲ್ಲಿ ತಾನಾಗಿ ಕೂರುತ್ತದೆ, ಗುರುತ್ವವೂ ಅವನ ಪರವಾಗಿಯೇ ಇರುತ್ತದೆ. ಪೈಪಿಗೆ ಬಂದ ಕೂಡಲೇ ಈ ಅನುಕೂಲ ತಪ್ಪುತ್ತದೆ. ಹಬೆ, ತೈಲ, ಅನಿಲ ಹರಿಯುವುದು ಪೈಪಿನ ಒಳಗೆ. ಆ ಒಳಬದಿ ವೆಲ್ಡರ್ ಕಣ್ಣಿಗೆ ಬೀಳುವುದೇ ಇಲ್ಲ, ಆದರೆ ಅವನ ಕೆಲಸಕ್ಕೆ ಅಂಕ ಬೀಳುವುದು ಅಲ್ಲೇ.

ಈ ಕಸುಬಿನ ದೊಡ್ಡ ಪರೀಕ್ಷೆಯ ಹೆಸರು 6ಜಿ. ಪೈಪನ್ನು 45 ಡಿಗ್ರಿ ವಾಲಿಸಿ ಬಿಗಿದಿರುತ್ತಾರೆ. ಅದನ್ನು ತಿರುಗಿಸುವಂತಿಲ್ಲ, ವೆಲ್ಡರೇ ಬಗ್ಗಿ, ಕೂತು, ಎದ್ದು ಸುತ್ತು ಹಾಕಬೇಕು. ತಲೆಯ ಮೇಲಿನ ಬೆಸುಗೆ, ನೆಟ್ಟಗಿನದು, ಅಡ್ಡದ್ದು ಎಲ್ಲವೂ ಒಂದೇ ಜಾಯಿಂಟಿನಲ್ಲಿ ಬಂದುಹೋಗುತ್ತವೆ. ಇದರಲ್ಲಿ ಗೆದ್ದವನಿಗೆ ಬೇರೆ ಭಂಗಿಗಳ ಪರೀಕ್ಷೆ ಬೇಕಾಗುವುದಿಲ್ಲ.

ಎರಡೂ ಪೈಪುಗಳ ತುದಿಯನ್ನು ಓರೆಯಾಗಿ ಉಜ್ಜಿ, ನಡುವೆ ಎರಡು ಮೂರು ಮಿಲಿಮೀಟರ್ ಸಂದಿ ಬಿಟ್ಟು, ಅಲ್ಲಲ್ಲಿ ಟ್ಯಾಕ್, ಅಂದರೆ ಪುಟ್ಟ ಚುಕ್ಕಿ ಬೆಸುಗೆ, ಹಾಕಿ ನಿಲ್ಲಿಸುತ್ತಾರೆ. ಜಾಗ ಗುರುತಿಸುವುದು ಗಡಿಯಾರದ ಲೆಕ್ಕದಲ್ಲಿ: ತೀರ ಕೆಳಗೆ ಆರು ಗಂಟೆ, ನೆತ್ತಿಯಲ್ಲಿ ಹನ್ನೆರಡು. ಹೆಚ್ಚು ಒತ್ತಡದ ಪೈಪುಗಳಿಗೆ ಮೊದಲ ಪದರವಾದ ರೂಟನ್ನು ಸಾಮಾನ್ಯವಾಗಿ ಆರ್ಗಾನ್ ವೆಲ್ಡಿಂಗಿನಲ್ಲಿ ಹಾಕುತ್ತಾರೆ. 3422 ಡಿಗ್ರಿಗೆ ಕರಗುವ ಟಂಗ್‌ಸ್ಟನ್ ಮುಳ್ಳಿನ ತುದಿಯಲ್ಲಿ ಆರ್ಕ್ ಹೊತ್ತಿರುತ್ತದೆ, ಸುತ್ತ ಆರ್ಗಾನ್ ಗಾಳಿಯನ್ನು ತಡೆಯುತ್ತದೆ, ಇನ್ನೊಂದು ಕೈ ಫಿಲ್ಲರ್ ತಂತಿ ಉಣಿಸುತ್ತದೆ. ಎರಡೂ ಅಂಚು ಕರಗಿದಾಗ ಬೆಸುಗೆಯ ಮುಂದೆ ಪುಟ್ಟ ಕಿಂಡಿಯೊಂದು ತೆರೆದುಕೊಳ್ಳುತ್ತದೆ. ಇದೇ ಕೀಹೋಲ್. ಅದು ಮುಚ್ಚಿದರೆ ಲೋಹ ಒಳಗೆ ಇಳಿದಿಲ್ಲ ಎಂದರ್ಥ, ಹಿಗ್ಗಿದರೆ ಸೋರಿಹೋಗುತ್ತದೆ. ಒಳಗಿನ ಸುದ್ದಿ ಹೊರಗೆ ಬರುವುದು ಆ ಕಿಂಡಿಯಿಂದ ಮಾತ್ರ.

ಆರು ಗಂಟೆಯ ಜಾಗದಲ್ಲಿ ಕರಗಿದ ಉಕ್ಕು ವೆಲ್ಡರ್ ಕಡೆಗೆ ಜೋಲುತ್ತದೆ, ಪೈಪಿನ ಒಳಗೆ ಗುಳಿ ಬೀಳುತ್ತದೆ. ಹನ್ನೆರಡಕ್ಕೆ ಏರಿದಾಗ ಅದೇ ಭಾರ ಲೋಹವನ್ನು ಒಳಕ್ಕೆ ಎಳೆದು ಗಂಟು ಕಟ್ಟಿಸುತ್ತದೆ. ಹಾಗಾಗಿ ಕೆಳಗೆ ಆರ್ಕನ್ನು ಮೋಟಾಗಿ ಹಿಡಿದು ತಂತಿಯನ್ನು ಒಳಕ್ಕೆ ಒತ್ತುತ್ತಾ ಬಂದ ಕೈ, ಮೇಲೇರುತ್ತಾ ಶಾಖ ತಗ್ಗಿಸಿ ವೇಗ ಹೆಚ್ಚಿಸಬೇಕು. ಅಷ್ಟರಲ್ಲಿ ಪೈಪೇ ಕಾದಿರುತ್ತದೆ, ಎರಡಿಂಚಿನದಾದರಂತೂ ಕೇಳುವುದೇ ಬೇಡ.

ತಲೆಯ ಮೇಲಿನ ಕರಗಿದ ಉಕ್ಕು ಸುರಿಯದೆ ನಿಲ್ಲುವುದು ಮೇಲ್ಮೈ ಸೆಳೆತದಿಂದ. ಕರಗಿದ ಕಬ್ಬಿಣದಲ್ಲಿ ಅದು ನೀರಿಗಿಂತ ಸುಮಾರು 25 ಪಟ್ಟು. ಇದರಲ್ಲೊಂದು ವಿಚಿತ್ರವಿದೆ. ಶುದ್ಧ ಲೋಹದಲ್ಲಿ ಬಿಸಿ ಏರಿದಷ್ಟೂ ಈ ಸೆಳೆತ ಕುಗ್ಗುತ್ತದೆ. ಕರಗಿದ ಲೋಹದ ಹೊಂಡದಲ್ಲಿ ನಡುವೆ ಬಿಸಿ ಹೆಚ್ಚು, ಅಂಚಿನಲ್ಲಿ ಕಡಿಮೆ. ಆದ್ದರಿಂದ ಲೋಹ ಅಂಚಿನತ್ತ ಹರಿದು, ಬೆಸುಗೆ ಅಗಲವಾಗಿ ಆಳವಿಲ್ಲದೆ ಕೂರುತ್ತದೆ. ಒಂದಿಷ್ಟು ಗಂಧಕ ಬೆರೆತಿದ್ದರೆ ಹರಿವು ತಿರುಗಿಬೀಳುತ್ತದೆ: ಲೋಹ ನಡುವಿಗೆ ನುಗ್ಗಿ ಆಳಕ್ಕೆ ಇಳಿಯುತ್ತದೆ. ಶೇಕಡಾ 0.003ಕ್ಕೂ 0.015ಕ್ಕೂ ನಡುವಿನ ಅಂತರವೇ ಇದಕ್ಕೆ ಸಾಕು. ಒಂದೇ ದರ್ಜೆಯ ಮುದ್ರೆ ಹೊತ್ತ ಎರಡು ಸ್ಟೇನ್‌ಲೆಸ್ ಪೈಪುಗಳು ಒಂದೇ ಕರೆಂಟಿಗೆ ಬೇರೆ ಬೇರೆಯಾಗಿ ಕರಗುವ ಈ ಗುಟ್ಟನ್ನು 1980ರ ದಶಕದ ಆರಂಭದಲ್ಲಿ ಅಮೆರಿಕದ ಹೈಪಲ್ ಮತ್ತು ರೋಪರ್ ಬಿಡಿಸಿಟ್ಟರು. ಅದಕ್ಕೂ ಮೊದಲು ಎಷ್ಟು ವೆಲ್ಡರ್‌ಗಳು ಮಾಡದ ತಪ್ಪಿಗೆ ಬೈಸಿಕೊಂಡರೋ! ಕಲಿಯುವ ಹುಡುಗರಿಗೆ ಇದನ್ನು ಹೇಳಿಕೊಡಲೇಬೇಕು. ಜಾಯಿಂಟ್ ಕೆಟ್ಟಾಗ ಕೈಯನ್ನಷ್ಟೇ ಅಲ್ಲ, ಪೈಪಿನ ಲೋಹದಲ್ಲಿ ಏನೇನು ಎಷ್ಟಿದೆ ಎಂದು ಹೇಳುವ ಮಿಲ್ ಸರ್ಟಿಫಿಕೇಟನ್ನೂ ನೋಡುವ ಅಭ್ಯಾಸ ಬರುತ್ತದೆ.

ಸ್ಟೇನ್‌ಲೆಸ್ ಪೈಪಿನ ಒಳಗೂ ಆರ್ಗಾನ್ ತುಂಬಿಸಬೇಕು. ಇಲ್ಲದಿದ್ದರೆ ಒಳಬದಿಯ ರೂಟ್ ಸೀದ ಬೆಲ್ಲದಂತೆ ಕಪ್ಪಗೆ ಉಬ್ಬುತ್ತದೆ. ಕಾರ್ಬನ್ ಉಕ್ಕಿಗೆ ಬಳಸುವ 7018 ಎಂಬ ಲೇಪ ಹೊದ್ದ ವೆಲ್ಡಿಂಗ್ ರಾಡಿನ ಕಾಟ ಬೇರೆ. ಅದರ ಲೇಪ ತೇವ ಹೀರಿದರೆ ಹೈಡ್ರೋಜನ್ ಬೆಸುಗೆಗೆ ಸೇರಿ, ಗಟ್ಟಿ ಉಕ್ಕಿನಲ್ಲಿ ಕೆಲಸ ಮುಗಿದು ಗಂಟೆಗಳೋ ದಿನಗಳೋ ಕಳೆದ ಮೇಲೆ ಬಿರುಕು ಬಿಡಿಸುತ್ತದೆ. ಅದಕ್ಕೇ ರಾಡುಗಳನ್ನು ಓವನ್ನಿನಲ್ಲಿ ಸುಮಾರು 300 ಡಿಗ್ರಿಗೆ ಕಾಯಿಸಿ ಬಿಸಿ ಡಬ್ಬಿಯಲ್ಲೇ ಒಯ್ಯುತ್ತಾರೆ.

ಪರೀಕ್ಷೆಗೆಂದು ಬೆಸೆದ ತುಂಡಿಗೆ, ಅಂದರೆ ಕೂಪನ್ನಿಗೆ, ಎರಡು ಬಗೆಯ ತೀರ್ಪು. ಒಂದು, ಇರಿಡಿಯಂ-192ರ ಗಾಮಾ ಕಿರಣದಿಂದಲೋ ಎಕ್ಸ್‌ರೇಯಿಂದಲೋ ತೆಗೆದ ಫಿಲ್ಮ್: ಕಾಣದ ಗುಳಿ, ಗಾಳಿಗುಳ್ಳೆ, ಸಿಕ್ಕಿಬಿದ್ದ ಸ್ಲ್ಯಾಗ್ ಎಲ್ಲ ಅದರಲ್ಲಿ ಮೂಡುತ್ತವೆ. ಇನ್ನೊಂದು, ಜಾಯಿಂಟಿನಿಂದ ಪಟ್ಟಿ ಕತ್ತರಿಸಿ 'ಯು' ಆಕಾರಕ್ಕೆ ಬಗ್ಗಿಸುವುದು. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘವಾದ ಎಎಸ್‌ಎಂಇಯ ನಿಯಮದ ಪ್ರಕಾರ ಬೆಸುಗೆಯಲ್ಲಿ ಮೂರು ಮಿಲಿಮೀಟರಿಗಿಂತ ದೊಡ್ಡ ಬಾಯಿ ಬಿಟ್ಟರೆ ಫೇಲು.

ಐಟಿಐಗಳಲ್ಲಿ ವೆಲ್ಡರ್ ಕೋರ್ಸು ಒಂದು ವರ್ಷದ್ದು, ಪೈಪ್ ವೆಲ್ಡಿಂಗಿಗೆಂದೇ ಪ್ರತ್ಯೇಕ ಟ್ರೇಡ್ ಕೂಡ ಇದೆ. ತಿರುಚಿರಾಪಳ್ಳಿಯ ಬಿಎಚ್‌ಇಎಲ್ ಆವರಣದ ವೆಲ್ಡಿಂಗ್ ಸಂಶೋಧನಾ ಸಂಸ್ಥೆಯಲ್ಲೂ ತರಬೇತಿ ಸಿಗುತ್ತದೆ. ರಾಯಚೂರಿನಂಥ ಶಾಖೋತ್ಪನ್ನ ಸ್ಥಾವರದ ಬಾಯ್ಲರಿನ ಹಬೆ ಪೈಪು ಮುಟ್ಟಬೇಕಾದರೆ ಬಾಯ್ಲರ್ ನಿಯಮಾವಳಿಯ ಪರೀಕ್ಷೆಯನ್ನು ಬೇರೆಯಾಗಿ ದಾಟಬೇಕು. ತರಬೇತಿಯ ಖರ್ಚೆಲ್ಲ ಪೈಪಿನ ತುಂಡಿನಲ್ಲಿ, ಆರ್ಗಾನ್ ಸಿಲಿಂಡರಿನಲ್ಲಿ. ಒಂದೇ ತುಂಡನ್ನು ಬೆಸೆದು, ಕತ್ತರಿಸಿ, ಓರೆ ಉಜ್ಜಿ ಮತ್ತೆ ಬೆಸೆಯುತ್ತಾರೆ, ಅದು ಗಿಡ್ಡವಾಗುತ್ತಾ ಹೋಗುತ್ತದೆ. ನನ್ನ ಕೇಳಿದರೆ, ಕೋರ್ಸಿಗೆ ಸೇರುವ ಮುನ್ನ ಹುಡುಗರು ಫೀಸು ವಿಚಾರಿಸುವ ಬದಲು ಗುಜರಿ ಮೂಲೆ ನೋಡಿ ಬರಲಿ: ಗಿಡ್ಡ ತುಂಡುಗಳ ರಾಶಿ ಬಿದ್ದಿದ್ದರೆ ಅಲ್ಲಿ ಕಲಿಸುತ್ತಿದ್ದಾರೆ.

ಪಾಸಾದ ಅರ್ಹತೆಯೂ ಸುಮ್ಮನೆ ಉಳಿಯುವುದಿಲ್ಲ. ಎಎಸ್‌ಎಂಇ ನಿಯಮದಲ್ಲಿ ಆರು ತಿಂಗಳು ಆ ವಿಧಾನದಲ್ಲಿ ಬೆಸೆಯದೆ ಹೋದರೆ ಅದು ರದ್ದು. ಮತ್ತೆ ಬೇಕೆಂದರೆ ಇನ್ನೊಂದು ಕೂಪನ್ ಬೆಸೆದು ತೋರಿಸಬೇಕು. ಸ್ಥಾವರಗಳ ಶಟ್‌ಡೌನ್ ಕೆಲಸವನ್ನೇ ನಂಬಿದವರು ಖಾಲಿ ತಿಂಗಳುಗಳಲ್ಲಿ ಸಣ್ಣ ವರ್ಕ್‌ಶಾಪುಗಳ ಆರ್ಗಾನ್ ಕೆಲಸಕ್ಕೆ ಕಡಿಮೆ ಕೂಲಿಯಾದರೂ ಒಪ್ಪಿಕೊಂಡರೆ ಕೈಯ ಹದ ಉಳಿಯುತ್ತದೆ.